ಚೌರಂಗಿಯಲ್ಲೊಬ್ಬ ಪಿಯಾನೊ ವಾದಕ

ಕೋಲ್ಕತ್ತದ ಎಸ್ಪ್ಲನೇಡ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಚೌರಂಗಿಯ ಫುಟ್‌ಪಾತಿಗೆ ಬಂದರೆ ಅಲ್ಲಿ ಅಂಗಡಿಗಳದ್ದೇ ದರ್ಬಾರು. ಬನಿಯನ್ನು, ಬೆಲ್ಟು, ಮೊಬೈಲ್ ಕವರು, ಮಕ್ಕಳ ಟೋಪಿ. ನಡುನಡುವೆ ತಗಡಿನ ಡಬ್ಬದಲ್ಲಿ ಮಂಡಕ್ಕಿಗೆ ಸಾಸಿವೆ ಎಣ್ಣೆ ಸುರಿದು ಟಕಟಕ ಕಲಸುವ ಸದ್ದು. ನೆರಳು ಬಿದ್ದಿತೆಂದು ತಲೆ ಎತ್ತಿದರೆ ಮೇಲೆ ಗ್ರ್ಯಾಂಡ್ ಹೋಟೆಲು: ಉದ್ದಕ್ಕೆ ಕಂಬಗಳ ಸಾಲು, ಅದರ ಮೇಲೆ ಬಾಲ್ಕನಿಗಳು, ಬಿಳಿಯ ಬಣ್ಣ. ಎದುರಿಗೆ ಟ್ರಾಮ್ ಹಳಿಗಳನ್ನು ದಾಟಿದರೆ ಮೈದಾನ. ಹಿಂಬದಿಗೆ ನಡೆದರೆ 1874ರಲ್ಲಿ ತೆರೆದ ನ್ಯೂ ಮಾರ್ಕೆಟ್ಟು. ಕೆಲವೇ ಹೆಜ್ಜೆ ಆಚೆಗೆ ಮೆಟ್ರೊ ಸಿನಿಮಾ.

ನಾನು ಆ ಕಂಬಗಳ ಕೆಳಗೆ ನಿಂತದ್ದು ಒಬ್ಬ ಪಿಯಾನೊ ವಾದಕರ ಸಲುವಾಗಿ. ಹೆಸರು ಟೆಡ್ಡಿ ವೆದರ್‌ಫೋರ್ಡ್. ಎರಡನೇ ಮಹಾಯುದ್ಧದ ನಡುವೆ, ಬ್ಯಾಂಡುಗಳು ಸ್ವಿಂಗ್ ಲಯದಲ್ಲಿ ಜಗತ್ತನ್ನೆಲ್ಲ ಕುಣಿಸುತ್ತಿದ್ದ ಕಾಲದಲ್ಲಿ, ಈ ಹೋಟೆಲಿನ ವಿಂಟರ್ ಗಾರ್ಡನ್ ಎಂಬ ಹಾಲ್‌ನಲ್ಲಿ ಇವರ ತಂಡ ರಾತ್ರಿಯೆಲ್ಲ ನುಡಿಸುತ್ತಿತ್ತು. ಅಮೆರಿಕದ ಜಾಝ್ ಇತಿಹಾಸಗಳನ್ನು ತಿರುವಿದರೆ ಇವರಿಗೆ ಸಿಗುವುದು ಅರ್ಧ ಪುಟ. ಒಳ್ಳೆಯ ವಾದಕ, 1926ರಲ್ಲಿ ಷಿಕಾಗೋ ಬಿಟ್ಟು ಪೂರ್ವಕ್ಕೆ ಹೋದ, ಆಮೇಲೆ ಕಾಣೆಯಾದ ಎಂಬ ಧಾಟಿ. ಕಾಣೆಯಾದದ್ದು ಎಲ್ಲಿಗೆ? ಇಲ್ಲಿಗೆ, ನಮ್ಮ ನಡುವಿಗೆ! ಮುಂಬೈ, ಕೊಲಂಬೊ, ಕಲ್ಕತ್ತೆಗಳಲ್ಲಿ ಸಾವಿರಾರು ಜನ ಅವರ ಪಿಯಾನೊ ಕೇಳಿದರು, ನಮ್ಮ ಹುಡುಗರು ಅವರ ಪಕ್ಕದಲ್ಲಿ ಕೂತು ಕಲಿತರು. ಅದನ್ನು ಕಾಣೆಯಾಗುವುದು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅವರು ಹುಟ್ಟಿದ್ದು 1903ರ ಅಕ್ಟೋಬರ್ 11ರಂದು, ವರ್ಜೀನಿಯಾದ ಪೋಕಹಾಂಟಸ್ ಎಂಬ ಕಲ್ಲಿದ್ದಲ ಗಣಿಯೂರಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬೈಯ ಅಪೊಲೊ ಬಂದರಿನಲ್ಲಿ ತಾಜ್ ಮಹಲ್ ಹೋಟೆಲು ಬಾಗಿಲು ತೆರೆಯಿತು. ಗಣಿಯ ಮಸಿಯಲ್ಲಿ ಹುಟ್ಟಿದ ಕರಿಯ ಕೂಸಿಗೂ ಅರಬ್ಬೀ ಸಮುದ್ರದಂಚಿನ ಆ ಗುಮ್ಮಟಕ್ಕೂ ಮೂವತ್ತಮೂರು ವರ್ಷ ಕಳೆದ ಮೇಲೆ ಭೇಟಿ ಬರೆದಿತ್ತು. ಹುಡುಗ ಬೆಳೆದದ್ದು ಪಕ್ಕದ ಬ್ಲೂಫೀಲ್ಡ್‌ನಲ್ಲಿ. ಪಿಯಾನೊ ಕೈಗೆ ಹತ್ತಿದ್ದು ನ್ಯೂ ಆರ್ಲಿಯನ್ಸ್‌ನಲ್ಲಿ. ಇಪ್ಪತ್ತು ತುಂಬುವ ಹೊತ್ತಿಗೆ ಷಿಕಾಗೋ.

ಆಗಿನ ಷಿಕಾಗೋದ ದಕ್ಷಿಣ ಭಾಗವೆಂದರೆ ಮಿಸಿಸಿಪ್ಪಿ, ಲೂಯಿಸಿಯಾನಾಗಳ ಹತ್ತಿ ಹೊಲ ಬಿಟ್ಟು ರೈಲು ಹತ್ತಿ ಬಂದ ಕರಿಯ ಜನರ ಹೊಸ ನಗರ. ಸ್ಟೇಟ್ ಸ್ಟ್ರೀಟಿನ ವೆಂಡೋಮ್ ಥಿಯೇಟರಿನಲ್ಲಿ ಮೂಕಿ ಚಿತ್ರಗಳಿಗೆ ಅರ್ಸ್ಕಿನ್ ಟೇಟ್‌ರ ವಾದ್ಯವೃಂದದ ಸಂಗೀತ. ಚಿತ್ರ ಯಾವುದಾದರೇನು, ಜನ ಬರುತ್ತಿದ್ದದ್ದೇ ವೃಂದಕ್ಕಾಗಿ. ಅದರಲ್ಲಿ ಕಹಳೆ ಹಿಡಿದವರು ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೊದಲ್ಲಿ ವೆದರ್‌ಫೋರ್ಡ್. 1926ರ ಮೇ ತಿಂಗಳಿನಲ್ಲಿ ಆ ವೃಂದ ವೊಕಾಲಿಯನ್ ಕಂಪನಿಗಾಗಿ ಎರಡು ಮಗ್ಗುಲು ಮುದ್ರಿಸಿತು, ‘ಸ್ಟ್ಯಾಟಿಕ್ ಸ್ಟ್ರಟ್’ ಮತ್ತು ‘ಸ್ಟಾಂಪ್ ಆಫ್, ಲೆಟ್ಸ್ ಗೋ’. ಸುಮ್ಮನೆ ಕೂತು ಕೇಳುವ ಸಂಗೀತ ಅದಲ್ಲ. ಒಬ್ಬರ ಬೆನ್ನ ಮೇಲೊಬ್ಬರು ಏರಿ ಓಡುತ್ತಾರೆ. ಆ ಓಟದ ನಡುವೆ ವೃಂದ ತಟ್ಟನೆ ಸರಿದು ದಾರಿ ಕೊಡುತ್ತದೆ, ಪಿಯಾನೊ ಒಂದೇ ಮುಂದೆ ಬರುತ್ತದೆ. ಎಡಗೈ ಕೆಳಗಿನ ಮಂದ್ರ ಸ್ವರವೊಂದಕ್ಕೆ ಬಿದ್ದು, ಮರುಗಳಿಗೆಯಲ್ಲಿ ನಡುವಿನ ಸ್ವರಗುಚ್ಛಕ್ಕೆ ನೆಗೆದು, ಮತ್ತೆ ಕೆಳಕ್ಕೆ. ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದೇ ಒರಳಿಗೆ ಒನಕೆ ಹಾಕುವಾಗ ಇರುವ ಲಯ ಅದು, ಒಂದು ಮೇಲೇಳುವಷ್ಟರಲ್ಲಿ ಇನ್ನೊಂದು ಬಿದ್ದಿರುತ್ತದೆ. ಈ ಎಡಗೈಯ ಮೇಲೆ ಬಲಗೈ ತನ್ನಷ್ಟಕ್ಕೆ ಆಡುತ್ತಿರುತ್ತದೆ, ಕೆಲವೊಮ್ಮೆ ತಾಳಕ್ಕಿಂತ ಮುಂಚೆ, ಕೆಲವೊಮ್ಮೆ ಬೇಕೆಂದೇ ತಡವಾಗಿ. ಮುಂದೆ ಜಾಝ್ ಪಿಯಾನೊದ ಹಾದಿಯನ್ನೇ ತಿರುಗಿಸಿದ ಅರ್ಲ್ ಹೈನ್ಸ್ ಅದೇ ದಿನಗಳಲ್ಲಿ ಷಿಕಾಗೋಕ್ಕೆ ಬಂದವರು. ಆಗ ಊರಿನಲ್ಲಿ ಎದುರಿಸಬೇಕಾಗಿದ್ದ ಪಿಯಾನೊ ವೆದರ್‌ಫೋರ್ಡ್‌ರದು.

ಅಂಥ ಜಾಗ ಬಿಟ್ಟು ಅದೇ ವರ್ಷ ಅವರು ಜ್ಯಾಕ್ ಕಾರ್ಟರ್‌ರ ತಂಡದೊಡನೆ ಹಡಗು ಹತ್ತಿದರು. ಶಾಂಘೈನಲ್ಲಿ ಸಂಬಳವಿತ್ತು, ಮರ್ಯಾದೆಯಿತ್ತು. ತಮ್ಮ ದೇಶದಲ್ಲಿ ನುಡಿಸಿದ ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋಗಲಾಗದ ಕರಿಯ ಸಂಗೀತಗಾರರಿಗೆ ಅದು ಸಣ್ಣ ಮಾತಲ್ಲ. ಒಂದೇ ರಾತ್ರಿ ನಾಲ್ಕು ಕ್ಲಬ್ಬುಗಳಲ್ಲಿ, ಒಂದರಿಂದ ಇನ್ನೊಂದಕ್ಕೆ ಓಡಿ ನುಡಿಸುತ್ತಿದ್ದರಂತೆ. 1933ರಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಶಾಂಘೈಗೆ ಹೋದಾಗ ಅಲ್ಲಿ ಸಿಕ್ಕಿದವರಲ್ಲಿ ವೆದರ್‌ಫೋರ್ಡ್ ಒಬ್ಬರು. ಮರುವರ್ಷ ಅಮೆರಿಕಕ್ಕೆ ಹೋಗಿ ಬಕ್ ಕ್ಲೇಟನ್‌ರ ತಂಡವನ್ನೇ ಕ್ಯಾನಿಡ್ರೋಮ್ ಬಾಲ್‌ರೂಮಿಗೆ ಕರೆತಂದರು. ಆ ಕ್ಲೇಟನ್ ಮುಂದೆ ಕೌಂಟ್ ಬೇಸಿಯವರ ವೃಂದದಲ್ಲಿ ಹೆಸರಾದ ಟ್ರಂಪೆಟ್ ವಾದಕರು.

ಕೋಲ್ಕತ್ತಕ್ಕೆ ಬರುವ ಮುನ್ನ ನಾನು ಮುಂಬೈಯಲ್ಲಿ ತಾಜ್ ಸುತ್ತಮುತ್ತ ಅಡ್ಡಾಡಿದ್ದೆ. ಗೇಟ್‌ವೇ ಎದುರು ನಿಂತು ನೋಡಿದರೆ ಆ ಗುಮ್ಮಟದ ಕೆಳಗೆ 1936ರಲ್ಲಿ ಕ್ರಿಕೆಟ್ ಸ್ಮಿತ್ ಎಂಬ ವಯಸ್ಸಾದ ಕಹಳೆ ವಾದಕರೂ ಅವರ ಪಿಯಾನೊದಲ್ಲಿ ವೆದರ್‌ಫೋರ್ಡ್‌ರೂ ನುಡಿಸುತ್ತಿದ್ದರೆಂಬುದು ನಂಬಲಾಗದು. ಈ ಸ್ಮಿತ್ ಯಾರು ಗೊತ್ತೇ? 1913ರಲ್ಲಿ ಜೇಮ್ಸ್ ರೀಸ್ ಯುರೋಪ್‌ರ ನ್ಯೂಯಾರ್ಕ್ ವೃಂದ ಧ್ವನಿಮುದ್ರಿಸಿದಾಗ, ‘ಜಾಝ್’ ಎಂಬ ಹೆಸರೇ ಇನ್ನೂ ಗಟ್ಟಿಯಾಗಿರದ ದಿನಗಳಲ್ಲಿ, ಅದರಲ್ಲಿ ಊದಿದವರು. ಬೇರಿನ ನೀರೇ ಮುಂಬೈಗೆ ಹರಿದು ಬಂದಿತ್ತು. ತಾಜ್‌ನ ಆ ತಂಡದೊಳಕ್ಕೆ ಗೋವಾದ ಟ್ರಂಪೆಟ್ ವಾದಕ ಫ್ರಾಂಕ್ ಫರ್ನಾಂಡ್ ಸೇರಿಕೊಂಡರು. ಚರ್ಚಿನ ಗಾಯನವೃಂದದಲ್ಲೂ ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲೂ ಸ್ವರಲಿಪಿ ಓದಲು ಕಲಿತು, ಟ್ರಂಕು ಹಿಡಿದು ಮುಂಬೈಗೆ ಬಂದು, ಧೋಬಿ ತಲಾವಿನಲ್ಲಿ ತಮ್ಮೂರಿನವರ ‘ಕೂಡ್’ ಎಂಬ ವಸತಿಗಳಲ್ಲಿ ಚಾಪೆ ಹಾಸಿಕೊಂಡ ಗೋವಾದ ಸಂಗೀತಗಾರರು ಎಷ್ಟೋ ಮಂದಿ. ಕಾಗದದ ಮೇಲಿದ್ದದ್ದನ್ನು ತಪ್ಪಿಲ್ಲದೆ ನುಡಿಸುವ ಕೈ ಅವರದು. ಕಾಗದದ ಮೇಲೆ ಇಲ್ಲದ್ದನ್ನು ಹೇಗೆ ನುಡಿಸುವುದು ಎಂಬುದನ್ನು ಈ ಅಮೆರಿಕನ್ನರ ಪಕ್ಕ ಕೂತು ಹಿಡಿದರು. ಫ್ರಾಂಕ್ ಫರ್ನಾಂಡ್ ಮುಂದೆ ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ದುಡಿದರು, 1963ರಲ್ಲಿ ‘ಆಮ್ಚೆಂ ನಶೀಬ್’ ಎಂಬ ಕೊಂಕಣಿ ಚಿತ್ರವನ್ನೂ ಮಾಡಿದರು. ಮಂಗಳೂರು, ಕಾರವಾರಗಳ ಹಿರಿಯ ಕೊಂಕಣಿಗರಿಗೆ ಅದರ ಹೆಸರು ಗೊತ್ತು. ಐವತ್ತರ ದಶಕದ ಹಿಂದಿ ಹಾಡುಗಳಲ್ಲಿ ಪಲ್ಲವಿ ಮುಗಿದ ಕೂಡಲೇ ಒಂದು ಟ್ರಂಪೆಟ್ ಕುಣಿದುಕೊಂಡು ಬರುತ್ತದಲ್ಲ, ಅದರ ಬೇರು ತಾಜ್‌ನ ಬಾಲ್‌ರೂಮಿನಲ್ಲಿದೆ.

1937ರ ಬೇಸಿಗೆಯಲ್ಲಿ ವೆದರ್‌ಫೋರ್ಡ್ ಪ್ಯಾರಿಸ್ಸಿಗೆ ಹೋಗಿಬಂದರು. ಆಗಷ್ಟೇ ಹುಟ್ಟಿದ್ದ ‘ಸ್ವಿಂಗ್’ ಎಂಬ ಫ್ರೆಂಚ್ ಕಂಪನಿ ಅವರೊಬ್ಬರನ್ನೇ ಪಿಯಾನೊ ಮುಂದೆ ಕೂರಿಸಿ ಮುದ್ರಿಸಿಕೊಂಡಿತು. ವೆದರ್‌ಫೋರ್ಡ್‌ರ ಕೈ ಏನೆಂದು ತಿಳಿಯಲು ಇವಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ‘ಟೀ ಫಾರ್ ಟೂ’ ಎಂಬ ಎಲ್ಲರಿಗೂ ಗೊತ್ತಿರುವ ಹಾಡು, ಸ್ಕಾಟ್ ಜಾಪ್ಲಿನ್‌ರ 1899ರ ‘ಮೇಪಲ್ ಲೀಫ್ ರ‍್ಯಾಗ್’, ತಮ್ಮ ಹೆಸರಿನೊಡನೆ ಆಟವಾಡಿದ ‘ವೆದರ್ ಬೀಟನ್ ಬ್ಲೂಸ್’. ಹನ್ನೊಂದು ವರ್ಷದ ಹಿಂದಿನ ಷಿಕಾಗೋದ ಆವೇಶ ಇಲ್ಲಿ ಮಾಗಿದೆ. ಜೊತೆಗೆ ಯಾರೂ ಇಲ್ಲದಿದ್ದರೂ ಒಂದು ವೃಂದವೇ ಇದೆ ಅನ್ನಿಸುವಷ್ಟು ತುಂಬಿದ ಧ್ವನಿ.

ಇನ್ನು ಕೋಲ್ಕತ್ತದ ಮುದ್ರಿಕೆಗಳು. ಗ್ರ್ಯಾಂಡ್‌ನ ಹಿಂಬದಿಯಿಂದ ನಡೆದೇ ಹೋಗಬಹುದಾದ ಫ್ರೀ ಸ್ಕೂಲ್ ಸ್ಟ್ರೀಟಿಗೆ ಈಗ ಮಿರ್ಜಾ ಗಾಲಿಬ್ ಸ್ಟ್ರೀಟ್ ಎಂದು ಹೆಸರು. ಹಳೆಯ ಗ್ರಾಮಫೋನ್ ತಟ್ಟೆ ಹುಡುಕುವವರೆಲ್ಲ ಬರುವುದು ಇಲ್ಲಿಗೇ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಒಂದು ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ತಟ್ಟೆಗಳು. ಮಾಲೀಕರಿಗೆ ಎಪ್ಪತ್ತರ ಆಚೆ ಇರಬೇಕು.

“ದಾದಾ, ಟೆಡ್ಡಿ ವೆದರ್‌ಫೋರ್ಡ್ ಇದೆಯೇ?” ಎಂದೆ.

ಅವರು ಕನ್ನಡಕ ಹಣೆಗೇರಿಸಿದರು. “ಪರದೇಶದವರು ಕೇಳುತ್ತಾರೆ. ನೀವು ಎಲ್ಲಿಯವರು?”

“ಬೆಂಗಳೂರು.”

“ಬೆಂಗಳೂರಿನಿಂದ ಇದಕ್ಕೆ ಬಂದಿರಾ? ಕೂತುಕೊಳ್ಳಿ, ಕೂತುಕೊಳ್ಳಿ. ಚಹಾ ತರಿಸುತ್ತೇನೆ.”

ಮಣ್ಣಿನ ಕುಡಿಕೆಯಲ್ಲಿ ಚಹಾ ಬರುವಷ್ಟರಲ್ಲಿ ಒಂದು ಕೊಲಂಬಿಯಾ ತಟ್ಟೆ ಮೊಣಕಾಲ ಮೇಲಿತ್ತು. ಹತ್ತಂಗುಲದ್ದು, ನಿಮಿಷಕ್ಕೆ 78 ಸುತ್ತು. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದೆ, ಆದರೆ ಗೀರು ಇರುವ ಜಾಗಕ್ಕೆ ತಾಗಿಲ್ಲ. ಕೈಗೆ ಭಾರ, ಅಂಗೈಗೆ ತಣ್ಣಗೆ. ಬೆಳಕಿಗೆ ವಾರೆ ಹಿಡಿದರೆ ಗೀರುಗಳ ಮೇಲೆ ಹೊಳಪು ಒಂದು ಕಡೆ ದಟ್ಟ, ಇನ್ನೊಂದು ಕಡೆ ಮಂಕು. ಮಂಕು ಇರುವಲ್ಲಿ ಸದ್ದು ಜೋರಾಗಿದೆ ಎಂದರ್ಥ, ಹಿಂದಿನವರು ತಟ್ಟೆಯನ್ನು ಮತ್ತೆ ಮತ್ತೆ ಹಾಕಿ ಅಲ್ಲಿ ಸವೆಸಿದ್ದಾರೆ ಎಂದರು ದಾದಾ. ಉಕ್ಕಿನ ಹೊಸ ಮುಳ್ಳೊಂದನ್ನು ಡಬ್ಬಿಯಿಂದ ತೆಗೆದು ಸಿಕ್ಕಿಸಿ, ಪೆಟ್ಟಿಗೆಯ ಹಿಡಿ ತಿರುಗಿಸಿ ಕೀಲಿ ಕೊಟ್ಟರು. ಮುಳ್ಳು ಇಳಿಯಿತು. ಮಳೆ ಹೊಯ್ದಂತೆ ಶರ್ರೆಂಬ ಸದ್ದಿನ ಹಿಂದಿನಿಂದ ಸ್ಯಾಕ್ಸೊಫೋನುಗಳ ಸಾಲು ಎದ್ದುಬಂತು. ಯುದ್ಧಕಾಲದ ಅಮೆರಿಕನ್ ಹಾಡು, ಕುಣಿಯಲೆಂದೇ ಮಾಡಿದ್ದು, ಮುಂದೆ ಗಾಯಕರ ದನಿ. ಪಿಯಾನೊ ಹಿಂದೆಯೇ ಇದೆ. ಆದರೆ ಗಾಯಕರು ಉಸಿರು ತೆಗೆದುಕೊಳ್ಳುವ ಎಡೆಯಲ್ಲೆಲ್ಲ ನಾಲ್ಕೈದು ಸ್ವರ ಚಿಮ್ಮಿ ಮರೆಯಾಗುತ್ತದೆ. ಮೂರು ನಿಮಿಷ, ಅಷ್ಟೇ. ದಾದಾ ಬೆರಳು ಎತ್ತಿ “ಟೆಡ್ಡಿ!” ಎಂದರು, ಪಕ್ಕದ ಬೀದಿಯವರ ಹೆಸರು ಹೇಳುವ ಸಲಿಗೆಯಲ್ಲಿ.

ಈ ತಟ್ಟೆ ಮಾಡಿದ್ದು ದಮ್‌ದಮ್‌ನಲ್ಲಿ. ಗ್ರಾಮಫೋನ್ ಕಂಪನಿ 1908ರಲ್ಲಿ ಸಿಯಾಲ್ದಾದಲ್ಲಿ ಶುರು ಮಾಡಿ 1928ರಲ್ಲಿ ಅಲ್ಲಿಗೆ ಸ್ಥಳಾಂತರಿಸಿದ ಕಾರ್ಖಾನೆ ಅದು. ಮೇಣದ ಮೇಲೆ ನೇರವಾಗಿ ಕೊರೆಯುವ ಕಾಲ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ತಟ್ಟೆಗೆ ಬೇಕಾದ ಮುಖ್ಯ ಸಾಮಗ್ರಿ ಅರಗು. ಚನ್ನಪಟ್ಟಣದ ಬೊಂಬೆಗೆ ತಿರುಗಣೆಯಲ್ಲಿ ಬಣ್ಣ ಹಿಡಿಸುತ್ತಾರಲ್ಲ, ಪಾಂಡವರನ್ನು ಸುಡಲೆಂದು ಕೌರವರು ಮನೆ ಕಟ್ಟಿಸಿದರಲ್ಲ, ಅದೇ ಅರಗು. ಛೋಟಾ ನಾಗಪುರದ ಕಾಡಿನಲ್ಲಿ ಮುತ್ತುಗ, ಬೋರೆ ಮರಗಳ ಕೊಂಬೆಗೆ ಅಂಟಿದ ಸಣ್ಣ ಹುಳು ಒಸರಿಸುವ ರಾಳ. ಅದನ್ನು ಬಿಡಿಸಿ ತಂದವರು ಅಲ್ಲಿನ ಆದಿವಾಸಿಗಳು. ಜಗತ್ತಿನ ತಟ್ಟೆ ಕಂಪನಿಗಳೆಲ್ಲ ಭಾರತದ ಈ ಅರಗನ್ನೇ ನೆಚ್ಚಿಕೊಂಡಿದ್ದವು. ಯುದ್ಧದಲ್ಲಿ ಹಡಗಿನ ದಾರಿ ಕಷ್ಟವಾದದ್ದೇ ತಡ, 1942ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ತಟ್ಟೆಗಳಿಗೆ ಅರಗು ಬಳಸುವುದನ್ನು ಶೇ. 70ರಷ್ಟು ಕಡಿತಗೊಳಿಸಿತು. ಅದರ ಮೇಲೆ ಆಗಸ್ಟ್ 1ರಿಂದ ಅಲ್ಲಿನ ಸಂಗೀತಗಾರರ ಸಂಘದ ಮುಷ್ಕರ. ತಟ್ಟೆಯೂ ರೇಡಿಯೊವೂ ನಮ್ಮ ಅನ್ನ ಕಿತ್ತುಕೊಳ್ಳುತ್ತಿವೆ, ಅದಕ್ಕೆ ಪಾಲು ಕೊಡಿ ಎಂಬ ಬೇಡಿಕೆ. ದೊಡ್ಡ ಕಂಪನಿಗಳು ಬಗ್ಗಲು 1944ರ ನವೆಂಬರ್ ಬರಬೇಕಾಯಿತು. ಅಷ್ಟು ಕಾಲ ಡ್ಯೂಕ್ ಎಲಿಂಗ್ಟನ್‌ರಂಥವರೇ ಕಂಪನಿಗಳಿಗೆ ಮುದ್ರಿಸದೆ ಕೂತಿದ್ದಾಗ, ಅರಗಿನ ಕಾಡುಗಳಿಗೆ ರೈಲಿನಲ್ಲಿ ಒಂದು ರಾತ್ರಿಯ ದೂರದ ಕಲ್ಕತ್ತೆಯಲ್ಲಿ ಷಿಕಾಗೋದ ಪಿಯಾನೊ ತಟ್ಟೆಗೆ ಇಳಿಯುತ್ತಿತ್ತು! ಇದನ್ನು ಯೋಚಿಸಿ ನನಗೆ ಚಹಾ ಕುಡಿಯಲೂ ನೆನಪಾಗಲಿಲ್ಲ.

ವೆದರ್‌ಫೋರ್ಡ್‌ರ ಕಲ್ಕತ್ತೆಯ ತಂಡದಲ್ಲಿ ಯಾರಿದ್ದರು ಎಂಬುದೂ ಅಷ್ಟೇ ಸೋಜಿಗ. ಜಪಾನೀಯರು ಬರ್ಮಾ ಹಿಡಿದಾಗ ಅಲ್ಲಿಂದ ತಪ್ಪಿಸಿಕೊಂಡು ಬಂದ ರೂಬೆನ್ ಸಾಲೊಮನ್ ಕ್ಲಾರಿನೆಟ್‌ಗೆ, ಸೆಡ್ರಿಕ್ ವೆಸ್ಟ್ ಗಿಟಾರಿಗೆ. ಆಂಗ್ಲೊ ಇಂಡಿಯನ್ನರು, ಗೋವಾದವರು. ನೇಪಾಳಿ ಮೂಲದ ಟ್ರಂಪೆಟ್ ವಾದಕ ಪುಷ್ಕರ್ ಬಹಾದೂರ್, ವೇದಿಕೆಯ ಹೆಸರು ಜಾರ್ಜ್ ಬ್ಯಾಂಕ್ಸ್. ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತ ಕಲ್ಕತ್ತೆಗೆ ಬಂದಿಳಿದ ಜಿಮ್ಮಿ ವಿದರ್‌ಸ್ಪೂನ್ ಎಂಬ ಹುಡುಗ ಈ ವೇದಿಕೆ ಹತ್ತಿ ಬ್ಲೂಸ್ ಹಾಡಿದರು, ಸೈನಿಕರ ರೇಡಿಯೊದಲ್ಲಿ ಅದು ಪ್ರಸಾರವಾಯಿತು. ಮುಂದೆ ಅವರು ಅಮೆರಿಕದ ದೊಡ್ಡ ಬ್ಲೂಸ್ ಗಾಯಕರಾದರು. ಅಸ್ಸಾಮಿನ ಲೇಡೊದಿಂದ ಬರ್ಮಾದ ಕಾಡಿನೊಳಗೆ ರಸ್ತೆ ಕಡಿಯುತ್ತಿದ್ದ ಅಮೆರಿಕನ್ ಸೈನಿಕರಲ್ಲಿ ಹೆಚ್ಚಿನವರು ಕರಿಯರು. ಅವರ ಸೈನ್ಯದಲ್ಲಿ ಕರಿಯರಿಗೊಂದು, ಬಿಳಿಯರಿಗೊಂದು ಪಂಕ್ತಿ. ಇತ್ತ ಚೌರಂಗಿಯ ಬೆಂಗಾಲ್ ಕ್ಲಬ್ಬು ಭಾರತೀಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1959ರಲ್ಲಿ. ಅಂಥ ಬೀದಿಯಲ್ಲಿ, ಅಂಥ ಕಾಲದಲ್ಲಿ, ಕರಿಯ ನಾಯಕರೊಬ್ಬರು ಇಷ್ಟು ಜಾತಿ ಇಷ್ಟು ದೇಶದವರನ್ನು ಒಂದೇ ತಾಳಕ್ಕೆ ಕೂರಿಸಿದ್ದರು.

ಆದರೆ ಗ್ರ್ಯಾಂಡ್‌ನ ಆ ಕಂಬಗಳ ಕೆಳಗೆ ನಿಂತಾಗ ಬರೀ ಸಂಗೀತ ನೆನೆಯಲು ಸಾಧ್ಯವಿಲ್ಲ. 1942ರ ಡಿಸೆಂಬರಿನಲ್ಲಿ ನಗರದ ಮೇಲೆ ಜಪಾನಿನ ಬಾಂಬು ಬಿತ್ತು. ಮರುವರ್ಷ ಬಂಗಾಳದ ಬರ. ಸುಮಾರು ಮೂವತ್ತು ಲಕ್ಷ ಜನ ಸತ್ತರು. ಹಳ್ಳಿಗಳಿಂದ ನಡೆದು ಬಂದವರು ಅನ್ನವನ್ನೂ ಕೇಳದೆ ‘ಫ್ಯಾನ್ ದಾವ್’ ಎಂದು ಗಂಜಿಯ ತಿಳಿ ಬೇಡುತ್ತ ಇದೇ ಫುಟ್‌ಪಾತಿನಲ್ಲಿ ಬಿದ್ದರು. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಸ್ಟೇಟ್ಸ್‌ಮನ್ ಪತ್ರಿಕೆ 1943ರ ಆಗಸ್ಟಿನಲ್ಲಿ ಆ ಶವಗಳ ಚಿತ್ರ ಅಚ್ಚು ಹಾಕಿದ ಮೇಲೆಯೇ ಜಗತ್ತಿಗೆ ವಿಷಯ ಮುಟ್ಟಿದ್ದು. ಹೋಟೆಲಿನೊಳಗೆ ಸೈನ್ಯದ ಅಧಿಕಾರಿಗಳಿಗೆ ಊಟವಿತ್ತು, ಕುಣಿತವಿತ್ತು. ವೆದರ್‌ಫೋರ್ಡ್ ಕೆಲಸ ಮುಗಿಸಿ ಹೊರಬರುತ್ತಿದ್ದದ್ದೂ ಇದೇ ಬಾಗಿಲಿನಿಂದ. ಅವರ ತಟ್ಟೆಗಳ ಖುಷಿಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆ ಖುಷಿ ಎಂಥ ಊರಿನಲ್ಲಿ ಹುಟ್ಟಿತೆಂಬುದನ್ನು ಬಿಟ್ಟೂ ಹೇಳಲಾರೆ.

ಈ ಹೋಟೆಲಿಗೇ ಒಂದು ನೀರಿನ ಕಥೆಯಿದೆ. ಕೊಳಚೆ ನೀರಿನ ಸೋಂಕಿನಿಂದ ಅತಿಥಿಗಳು ಸತ್ತು 1937ರಲ್ಲಿ ಅದು ಮುಚ್ಚಿಹೋಗಿತ್ತು. ಮೋಹನ್ ಸಿಂಗ್ ಒಬೆರಾಯ್ ಅದನ್ನು ಗುತ್ತಿಗೆಗೆ ಹಿಡಿದು ಮತ್ತೆ ತೆರೆದರು. ಜನರಿಗೆ ಧೈರ್ಯ ಬಂತು, ಯುದ್ಧ ಬಂತು, ಕೋಣೆಗಳು ತುಂಬಿದವು. ಆದರೆ ನಗರದ ನೀರು ಹಾಗೆಯೇ ಇತ್ತು. ಬಂಗಾಳದಲ್ಲಿ ಮಳೆಗೆ ಮುಂಚಿನ ಬೇಸಿಗೆಯೆಂದರೆ ಕಾಲರಾ ಕಾಲ. 1945ರ ಏಪ್ರಿಲ್ 25ರಂದು ಟೆಡ್ಡಿ ವೆದರ್‌ಫೋರ್ಡ್ ಕಾಲರಾದಿಂದ ತೀರಿಕೊಂಡರು. ವಯಸ್ಸು 41. ಯುರೋಪಿನಲ್ಲಿ ಯುದ್ಧ ಮುಗಿಯಲು ಎರಡು ವಾರವೂ ಉಳಿದಿರಲಿಲ್ಲ. ಕಾಲರಾದ ಜೀವಾಣುವನ್ನು 1884ರಲ್ಲಿ ರಾಬರ್ಟ್ ಕಾಖ್ ಗುರುತಿಸಿ ಬೇರ್ಪಡಿಸಿದ್ದು ಇದೇ ಕಲ್ಕತ್ತೆಯಲ್ಲಿ. ಉಪ್ಪು, ಸಕ್ಕರೆ ಕರಗಿಸಿದ ನೀರು ಕುಡಿಸಿ ರೋಗಿಗಳನ್ನು ಉಳಿಸಬಹುದೆಂದು 1971ರಲ್ಲಿ ಡಾ. ದಿಲೀಪ್ ಮಹಾಲನಬೀಸ್ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ತೋರಿಸಿಕೊಟ್ಟದ್ದೂ ಇದೇ ಬಂಗಾಳದಲ್ಲಿ. ನಡುವೆ ಸಿಕ್ಕಿಕೊಂಡರು ಪಿಯಾನೊ ವಾದಕ.

ಪಾರ್ಕ್ ಸ್ಟ್ರೀಟಿನಲ್ಲಿ ಆ ಸಂಗೀತ ಇನ್ನೂ ಮೂರು ದಶಕ ಬದುಕಿತ್ತು. ಟ್ರಿಂಕಾಸ್, ಮೊಕಾಂಬೊ, ಬ್ಲೂ ಫಾಕ್ಸ್ ಎಂಬ ರೆಸ್ಟೊರೆಂಟುಗಳ ಹೆಸರುಗಳನ್ನು ಅಲ್ಲಿನ ಹಿರಿಯರು ಈಗಲೂ ದೇವರ ಹೆಸರಿನಂತೆ ಹೇಳುತ್ತಾರೆ. ಬ್ಲೂ ಫಾಕ್ಸ್‌ನಲ್ಲಿ ಪಿಯಾನೊ ನುಡಿಸುತ್ತಿದ್ದವರು ಜಾರ್ಜ್ ಬ್ಯಾಂಕ್ಸ್‌ರ ಮಗ. ಡಾರ್ಜಿಲಿಂಗಿನಲ್ಲಿ 1941ರಲ್ಲಿ ಹುಟ್ಟಿದ ಮಗನಿಗೆ ತಂದೆ ಆರ್ಮ್‌ಸ್ಟ್ರಾಂಗ್‌ರ ನೆನಪಿಗೆ ಲೂಯಿ ಎಂಬ ಹೆಸರು ಕೊಟ್ಟಿದ್ದರು. ಆರ್ಮ್‌ಸ್ಟ್ರಾಂಗ್‌ರ ಪಕ್ಕ ಕೂತು ನುಡಿಸಿದವರು ವೆದರ್‌ಫೋರ್ಡ್, ವೆದರ್‌ಫೋರ್ಡ್‌ರ ಪಕ್ಕ ನಿಂತು ಊದಿದವರು ಅಪ್ಪ. ಲೂಯಿ ಬ್ಯಾಂಕ್ಸ್ ಮುಂದೆ ಮುಂಬೈಗೆ ಹೋದರು. ನಮ್ಮ ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನ ಆರ್.ಎ. ರಮಾಮಣಿ ಅವರೊಡನೆ ‘ಸಂಗಂ’ ತಂಡ ಕಟ್ಟಿ, ಅವರ ಸ್ವರ ಕಲ್ಪನೆ, ಕೊನ್ನಕ್ಕೋಲುಗಳಿಗೆ ಪಿಯಾನೊದಲ್ಲಿ ಉತ್ತರ ಕೊಟ್ಟರು. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಂದ ‘ಮಿಲೇ ಸುರ್ ಮೇರಾ ತುಮ್ಹಾರಾ’, ನಮ್ಮ ಗದಗದ ಭೀಮಸೇನ ಜೋಶಿಯವರ ದನಿಯಿಂದ ತೆರೆದುಕೊಳ್ಳುವ ಆ ಹಾಡು, ಅದರ ವಾದ್ಯ ಸಂಯೋಜನೆಯಲ್ಲೂ ಲೂಯಿ ಬ್ಯಾಂಕ್ಸ್ ಇದ್ದಾರೆ.

ದಾದಾ ತಟ್ಟೆಯನ್ನು ಮಾರಲಿಲ್ಲ. “ಇದು ಅಂಗಡಿಯದು” ಎಂದು ಲಕೋಟೆಗೆ ಹಾಕಿ ಮೇಲಿನ ಸಾಲಿನಲ್ಲಿಟ್ಟರು. ಒತ್ತಾಯಿಸಲು ನನಗೂ ಮನಸ್ಸಾಗಲಿಲ್ಲ. ಬಂದವರಿಗೆಲ್ಲ ಅದನ್ನು ಹಾಕಿ ಕೇಳಿಸುವವರೊಬ್ಬರು ಆ ಬೀದಿಯಲ್ಲಿ ಇರಲಿ. ವೆದರ್‌ಫೋರ್ಡ್‌ರನ್ನು ಹೊಸದಾಗಿ ಕೇಳುವವರಿಗೆ ನಾನು ಹೇಳುವುದು ಇಷ್ಟು: ಮೊದಲು ಷಿಕಾಗೋದ ‘ಸ್ಟ್ಯಾಟಿಕ್ ಸ್ಟ್ರಟ್’ ಹಾಕಿ, ಪಿಯಾನೊ ಒಂಟಿಯಾಗುವವರೆಗೆ ಕಾಯಿರಿ. ಆಮೇಲೆ ಪ್ಯಾರಿಸ್‌ನ ‘ಟೀ ಫಾರ್ ಟೂ’, ಎಡಗೈ ಒಂದನ್ನೇ ಹಿಂಬಾಲಿಸಿ. ಕಲ್ಕತ್ತೆಯ ತಟ್ಟೆಗಳನ್ನು ಕೊನೆಗಿಡಿ, ಅವನ್ನು ಹಾಕಿದಾಗ ಗಾಯಕರನ್ನು ಬಿಟ್ಟು ಅವರು ಉಸಿರೆಳೆದುಕೊಳ್ಳುವ ಎಡೆಗಳಿಗೆ ಕಿವಿಗೊಡಿ.